ದೇವರ ವಿಷಯ ಬರೆಯುವಾಗ ಆಡಂಬರ ಬಿಡುವುದು ಹೇಗೆ? ಹಬ್ಬದ ಆಮಂತ್ರಣದಿಂದ ಸ್ಮರಣ ಸಂಚಿಕೆವರೆಗೆ

"ಪರಮಪಾವನ ಪುಣ್ಯಭೂಮಿಯಾದ ಕೊಡಗಿನ ಮಡಿಲಿನಲ್ಲಿ ಅನಾದಿಕಾಲದಿಂದಲೂ ವಿರಾಜಮಾನಳಾಗಿ, ಅನಂತಕೋಟಿ ಭಕ್ತಸಮೂಹದ ಮನೋಭಿಲಾಷೆಗಳನ್ನು ಪೂರೈಸುತ್ತಿರುವ ಶ್ರೀ ಭಗವತಿ ಅಮ್ಮನವರ ದಿವ್ಯ ಸಾನ್ನಿಧ್ಯದಲ್ಲಿ, ಲೋಕಕಲ್ಯಾಣಾರ್ಥವಾಗಿ, ವೈಭವೋಪೇತವಾಗಿ ಜರುಗಲಿರುವ ವಾರ್ಷಿಕ ಮಹೋತ್ಸವಕ್ಕೆ ತಮಗೆ ಆದರದ ಸುಸ್ವಾಗತ."

ಇದು ಯಾವ ಊರಿನ ಆಮಂತ್ರಣವೂ ಅಲ್ಲ, ನಾನೇ ಕಟ್ಟಿದ್ದು. ಆದರೂ ಎಲ್ಲೋ ಓದಿದ ಹಾಗಿದೆ ಅಲ್ವಾ? ಭಗವತಿ ಅನ್ನುವ ಹೆಸರು ತೆಗೆದು ಅಯ್ಯಪ್ಪ, ಮಹಾದೇವ, ಸುಬ್ರಹ್ಮಣ್ಯ ಯಾರನ್ನು ಬೇಕಾದರೂ ಕೂರಿಸಬಹುದು. ಅದೇ ಇದರ ದೊಡ್ಡ ದೋಷ. ಯಾವ ದೇವರಿಗೂ ಹೊಂದುತ್ತದೆ, ಆದ್ದರಿಂದ ಯಾವ ದೇವರ ಬಗ್ಗೆಯೂ ಏನೂ ಹೇಳುವುದಿಲ್ಲ. ಇಷ್ಟು ಓದಿದ ಮೇಲೂ ಹಬ್ಬ ಯಾವತ್ತು, ಊಟ ಇದೆಯಾ, ದೇವರ ಜಳಕ ಎಷ್ಟು ಗಂಟೆಗೆ ಅಂತ ಗೊತ್ತಾಗಲಿಲ್ಲ.

ಕೊಡಗಿನಲ್ಲಿ ಕೈಯಲ್ಲಿ ಪೆನ್ನು ಹಿಡಿಯುವವರಿಗೆಲ್ಲ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರ ಅಂತ ಒಂದು ಸ್ಮರಣ ಸಂಚಿಕೆ. ಹಬ್ಬಕ್ಕೆ ಆಮಂತ್ರಣ. ಕಾವೇರಿ ಸಂಕ್ರಮಣಕ್ಕೆ ಪತ್ರಿಕೆಗೊಂದು ಲೇಖನ. "ನೀವು ಬರೀತೀರಲ್ಲ, ಒಂದು ಪುಟ ಬರೆದು ಕೊಡಿ" ಅಂದುಬಿಡುತ್ತಾರೆ. ಆಗ ನೆಟ್ಟಗೆ ಮಾತಾಡುವ ಮನುಷ್ಯನೂ ಇದ್ದಕ್ಕಿದ್ದಂತೆ ಕಿರೀಟ ಇಟ್ಟುಕೊಂಡು ಬರೆಯಲು ಶುರು ಮಾಡುತ್ತಾನೆ. ಹಾಗೆ ಆಗದಂತೆ ಬರೆಯುವ ದಾರಿ ಇಲ್ಲಿದೆ. ಎಮ್ಮೆಮಾಡು ಉರೂಸ್‌ನ ಕರಪತ್ರಕ್ಕೂ, ಚರ್ಚಿನ ವಾರ್ಷಿಕೋತ್ಸವದ ಪುಸ್ತಕಕ್ಕೂ ಇದೇ ಮಾತು ಹೊಂದುತ್ತದೆ. ಈ ಕಾಯಿಲೆಗೆ ಧರ್ಮಭೇದ ಇಲ್ಲ.

ಮೊದಲು: ಓದುವವರ ಮನೆಮಾತು ಯಾವುದು ಅಂತ ನೋಡಿ

ಹೆಚ್ಚಿನ ಜಿಲ್ಲೆಗಳಿಗೆ ಇಲ್ಲದ ಒಂದು ಕಾರಣ ಕೊಡಗಿಗೆ ಇದೆ. ಇಲ್ಲಿ ಹೆಚ್ಚಿನವರಿಗೆ ಕನ್ನಡ ಮನೆಯ ಭಾಷೆ ಅಲ್ಲ. ಒಂದು ಮನೆಯಲ್ಲಿ ಕೊಡವ ತಕ್ಕ್, ಪಕ್ಕದ ಮನೆಯಲ್ಲಿ ಅರೆಭಾಷೆ, ತಿರುವಿನಲ್ಲಿರುವ ಅಂಗಡಿಯಲ್ಲಿ ಮಲಯಾಳ, ತೋಟದ ಲೈನ್ ಮನೆಯಲ್ಲಿ ತುಳು, ತಮಿಳು, ಯರವರ ಭಾಷೆ, ಕುರುಬರ ಭಾಷೆ. ಇವರೆಲ್ಲ ಒಟ್ಟಿಗೆ ಸೇರುವುದು ಕನ್ನಡದಲ್ಲಿ. ಹಬ್ಬಕ್ಕೆ ಬರುವವರೂ ಇವರೇ. ಅವರ ಕನ್ನಡ ಶಾಲೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಕಲಿತ ಕನ್ನಡ. ಅದರಲ್ಲಿ "ವೈಭವೋಪೇತ" ಇಲ್ಲ. "ಮನೋಭಿಲಾಷೆ"ಯೂ ಇಲ್ಲ.

ಹಾಗಾಗಿ ಬರೆಯಲು ಕೂರುವ ಮೊದಲು ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ ಕೂತವರನ್ನಲ್ಲ. ಹಬ್ಬದ ದಿನ ತಪ್ಪದೆ ಬರುವ, ಏಳನೇ ಕ್ಲಾಸಿನವರೆಗೆ ಓದಿದ, ಮನೆಯಲ್ಲಿ ಬೇರೆ ಭಾಷೆ ಆಡುವ ಒಬ್ಬ ಅಕ್ಕನನ್ನು. ಅವರು ಓದಿ "ಹೌದು, ಹಾಗೇ" ಅನ್ನಬೇಕು. ಅವರಿಗೆ ಅರ್ಥವಾದದ್ದು ಪಂಡಿತರಿಗೂ ಅರ್ಥವಾಗುತ್ತದೆ. ತಿರುಗಿಸಿ ನೋಡಿದರೆ ಹಾಗಾಗುವುದಿಲ್ಲ.

ದೇವರಿಗೆ ದೊಡ್ಡ ಮಾತೇ ಬೇಕು ಅನ್ನುವ ಭಯ ಬಿಡಿ

"ದೇವರ ವಿಷಯ ಅಲ್ವಾ, ಸ್ವಲ್ಪ ಗಂಭೀರವಾಗಿ ಇರಲಿ" ಅಂತ ಹೇಳುವವರು ಇದ್ದೇ ಇರುತ್ತಾರೆ. ಸರಿ, ಆದರೆ ಕೊಡಗಿನ ಜನ ದೇವರ ಜೊತೆ ಹೇಗೆ ಮಾತಾಡುತ್ತಾರೆ ಅಂತ ಸ್ವಲ್ಪ ನೋಡೋಣ.

ಹೊಸ ಅಕ್ಕಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಕೂಗುವುದು "ಪೊಲಿ ಪೊಲಿ ದೇವಾ" ಅಂತ. ಇಷ್ಟೇ. ಹೆಚ್ಚಲಿ, ತುಂಬಲಿ, ದೇವರೇ. ಇದರ ಮುಂದೆ ಒಂದು ವಿಶೇಷಣ ಇಲ್ಲ. ಕೋವಿಯ ಶಬ್ದ, ದೀಪ, ಒದ್ದೆ ಗದ್ದೆ, ಆ ಕೂಗು. ಇಡೀ ವರ್ಷದ ಪ್ರಾರ್ಥನೆ ಅದರಲ್ಲಿ ಮುಗಿಯುತ್ತದೆ.

ಇನ್ನೊಂದು ತುದಿಗೆ ಹೋಗಿ. ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ. ಕುರುಬರು, ಯರವರು ವೇಷ ಹಾಕಿಕೊಂಡು, ಡಬ್ಬ ಬಡಿದುಕೊಂಡು ಬಂದು ದೇವರನ್ನೇ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಬೇಟೆಗೆ ಅಂತ ತಮ್ಮನ್ನು ಕಾಡಿಗೆ ಕರೆದುಕೊಂಡು ಹೋದ ಅಯ್ಯಪ್ಪ, ದಾರಿಯಲ್ಲಿ ಭದ್ರಕಾಳಿ ಸಿಕ್ಕಿದ ಮೇಲೆ ತಮ್ಮನ್ನು ಅಲ್ಲೇ ಬಿಟ್ಟು ಹೋದ, ಅದಕ್ಕೆ ಈ ಸಿಟ್ಟು ಅಂತ ಕಥೆ. ಬೈದು ಮುಗಿದ ಮೇಲೆ ಕೈಮುಗಿದು ತಪ್ಪು ಕೇಳುತ್ತಾರೆ. ಇದು ಭಕ್ತಿ ಅಲ್ಲ ಅಂತ ಯಾರಾದರೂ ಹೇಳಲಿ ನೋಡೋಣ! ದೇವರು ತೀರಾ ಹತ್ತಿರದವನು ಅನ್ನಿಸದಿದ್ದರೆ ಹೀಗೆ ಬೈಯಲು ಆಗುವುದೇ ಇಲ್ಲ. ನೀವು ಆಮಂತ್ರಣದಲ್ಲಿ ಬೈಯಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಬೈಗುಳವನ್ನೇ ತಡೆದುಕೊಳ್ಳುವ ದೇವರು ಸಾದಾ ಕನ್ನಡವನ್ನು ಖಂಡಿತ ತಡೆದುಕೊಳ್ಳುತ್ತಾನೆ.

ಬರೆಯುವ ಮೊದಲು ಕೇಳಿಕೊಂಡು ಬನ್ನಿ

ಆಡಂಬರದ ಮಾತು ಎಲ್ಲಿಂದ ಬರುತ್ತದೆ? ಬಹಳ ಸಲ ಹೇಳಲು ಏನೂ ಇಲ್ಲದ ಕಡೆಯಿಂದ. ವಿಷಯ ಗೊತ್ತಿಲ್ಲ, ಪುಟ ತುಂಬಬೇಕು. ಆಗ "ಭಕ್ತಿಭಾವಪರವಶರಾಗಿ" ಓಡಿ ಬರುತ್ತದೆ. ಇದಕ್ಕೆ ಮದ್ದು ನಿಘಂಟಿನಲ್ಲಿ ಸಿಗುವುದಿಲ್ಲ, ದೇವಸ್ಥಾನದ ಅಂಗಳದಲ್ಲಿ ಸಿಗುತ್ತದೆ.

ಹಬ್ಬಕ್ಕೆ ಕೆಲವು ದಿನ ಮೊದಲು ಹೋಗಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಯೇ ಮಾಡಿ. ತಕ್ಕಮುಖ್ಯಸ್ಥರ, ಅಂದರೆ ಊರು ದೇವಸ್ಥಾನದ ಪರಂಪರೆಯ ಮುಖ್ಯಸ್ಥರ, ಹತ್ತಿರ ಮಾತಾಡಿ, ಅರ್ಚಕರ ಹತ್ತಿರ ಮಾತಾಡಿ. ಅಷ್ಟಕ್ಕೇ ನಿಲ್ಲಬೇಡಿ. ಓಲಗ ಊದುವವರು, ಚೆಂಡೆ ಬಡಿಯುವವರು, ದೈವದ ವೇಷ ಹಾಕಿ ತೆರೆ ಕಟ್ಟುವವರು, ಅಡುಗೆಗೆ ನಿಲ್ಲುವವರು, ಅಂಗಳ ಗುಡಿಸುವವರು, ಇವರಿಗೆ ಗೊತ್ತಿರುವುದು ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ. ಕೇಳುವ ಪ್ರಶ್ನೆ ಸಣ್ಣದಾಗಿರಲಿ. "ಈ ಕ್ಷೇತ್ರದ ಮಹಿಮೆ ಏನು?" ಅಂತ ಕೇಳಿದರೆ ಅವರೂ ಭಾಷಣ ಶುರು ಮಾಡುತ್ತಾರೆ. ಬದಲಿಗೆ ಹೀಗೆ ಕೇಳಿ: ಎತ್ತಿನ ಮೇಲೆ ಅಕ್ಕಿ ಹೊರಿಸಿ ತರುವ ಎತ್ತುಪೋರಾಟದ ಎತ್ತು ಯಾವ ಮನೆಯಿಂದ ಬರುತ್ತದೆ? ಅಕ್ಕಿ ಯಾರು ಕಟ್ಟುತ್ತಾರೆ? ಜಳಕಕ್ಕೆ ಯಾವ ಹೊಳೆ? ಹಬ್ಬದ ಕಟ್ಟು ಶುರುವಾದ ಮೇಲೆ ಊರಿನಲ್ಲಿ ಏನು ಮಾಡುವ ಹಾಗಿಲ್ಲ? ಯಾವ ಮನೆತನಕ್ಕೆ ಯಾವ ಹಕ್ಕು? ಮಳೆ ಬಂದರೆ ಏನು ಮಾಡುತ್ತೀರಿ?

ಇಂಥ ಪ್ರಶ್ನೆಗೆ ಬರುವ ಉತ್ತರದಲ್ಲಿ ಲೇಖನದ ಅರ್ಧ ಭಾಗ ಇರುತ್ತದೆ. ನಿಮ್ಮ ಊರಿಗೆ ಮಾತ್ರ ಸೇರಿದ ಅರ್ಧ.

ಯಾವ ಪದ ತೆಗೆಯಬೇಕು, ಯಾವುದನ್ನು ಮುಟ್ಟಬಾರದು

ಕಾಫಿ ಗಿಡದ ಚಿಗುರು ತೆಗೆಯುವವರಿಗೆ ಗೊತ್ತು, ಹಸಿರಾಗಿ ಚೆನ್ನಾಗಿ ಕಾಣುವುದನ್ನೆಲ್ಲ ಬಿಟ್ಟರೆ ಕಾಯಿ ಬರುವ ರೆಕ್ಕೆ, ಅಂದರೆ ಪಕ್ಕದ ಕೊಂಬೆ, ಸೊರಗುತ್ತದೆ. ಬರೆದದ್ದನ್ನು ಕೈಯಲ್ಲಿ ಹಿಡಿದು ಅದೇ ಕೆಲಸ ಮಾಡಿ. ಕೆಂಪು ಪೆನ್ನು ತೆಗೆದುಕೊಳ್ಳಿ. ದೇವರ ಹೆಸರಿನ ಹಿಂದಿನ ವಿಶೇಷಣ ಒಂದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದನ್ನು ಹೊಡೆಯಿರಿ. "ಅನಾದಿಕಾಲ", "ಅನಂತಕೋಟಿ", "ಅವಿಸ್ಮರಣೀಯ", "ಅಭೂತಪೂರ್ವ", "ವಿಜೃಂಭಣೆ" ಇವೆಲ್ಲ ಮೊದಲ ಸುತ್ತಿನಲ್ಲೇ ಹೋಗಲಿ. "ಲೋಕಕಲ್ಯಾಣಾರ್ಥ" ಹಾಕಿದ್ದರೆ ನಿಲ್ಲಿ. ನಿಜಕ್ಕೂ ಯಾಕೆ ಈ ಪೂಜೆ? ಮಳೆ ಬರಲಿ ಅಂತಲೋ, ಊರಿನ ದನಕರುವಿಗೆ ರೋಗ ಬರದಿರಲಿ ಅಂತಲೋ? ಹಾಗಾದರೆ ಅದನ್ನೇ ಬರೆಯಿರಿ. "ಅಮೃತಹಸ್ತದಿಂದ ಉದ್ಘಾಟನೆ" ಬದಲು "ಉದ್ಘಾಟಿಸುತ್ತಾರೆ". "ಜರುಗಲಿರುವುದು" ಬದಲು "ನಡೆಯುತ್ತದೆ". "ಅನ್ನಸಂತರ್ಪಣೆಯನ್ನು ಏರ್ಪಡಿಸಲಾಗಿರುತ್ತದೆ" ಬದಲು "ಊಟ ಇದೆ".

ಈಗ ಮುಖ್ಯ ಮಾತು. ಸರಳವಾಗಿ ಬರೆಯಿರಿ ಅಂದ ಕೂಡಲೇ ಕೆಲವರು ಊರಿನ ಆಚರಣೆಯ ಹೆಸರುಗಳಿಗೂ ಕತ್ತರಿ ಹಾಕುತ್ತಾರೆ. ಅದು ತಪ್ಪು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಕಲ್ಲಾಡ್ಚ ಹಬ್ಬವನ್ನು ಕಲ್ಲಾಡ್ಚ ಅಂತಲೇ ಬರೆಯಬೇಕು, "ವಾರ್ಷಿಕ ಮಹೋತ್ಸವ" ಅಂತ ಅಲ್ಲ. ಐನ್‌ಮನೆಯ, ಅಂದರೆ ಕೊಡವ ಕುಲದ ಮೂಲಮನೆಯ, ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ತೂಗುವ ದೀಪ ತೂಕ್ ಬೊಳ್ಚವನ್ನು "ನಂದಾದೀಪ" ಮಾಡಿದರೆ ಅದು ಎಲ್ಲಿಯ ದೀಪವೋ ಆಗಿಬಿಡುತ್ತದೆ. ಕುಲದ ಹಿರಿಯರಾದ ಕಾರೋಣರಿಗೆ ಮೀದಿ (ಎಡೆ) ಇಡುವುದನ್ನು "ಪಿತೃತರ್ಪಣ" ಅಂತ ಬರೆದರೆ ಆಚರಣೆಯೇ ಬದಲಾಯಿತು. ಕೈಮಡ, ಕಟ್ಟು, ಪಟ್ಟಣಿ, ಜಳಕ, ತೆರೆ, ತೀರ್ಥೋದ್ಭವ, ಕುಂಡಿಕೆ ಇವೆಲ್ಲ ಕೆಲಸ ಮಾಡುವ ಪದಗಳು. ಹೊರಗಿನವರಿಗೆ ಗೊತ್ತಾಗದು ಅನ್ನಿಸಿದರೆ ಮುಂದಿನ ವಾಕ್ಯದಲ್ಲಿ ಏನು ನಡೆಯುತ್ತದೆ ಅಂತ ಹೇಳಿ. ಸಾಕು.

ಮೇಲಿನ ಆಮಂತ್ರಣ ಈಗ ಹೀಗಾಗುತ್ತದೆ:

"ನಮ್ಮೂರ ಭಗವತಿ ಹಬ್ಬಕ್ಕೆ ಏಪ್ರಿಲ್ 12ರ ಬೆಳಿಗ್ಗೆ ಕಟ್ಟು ಶುರು. 18ರಂದು ಎತ್ತುಪೋರಾಟ, 19ರಂದು ಪಟ್ಟಣಿ, 20ರ ಮಧ್ಯಾಹ್ನ 3 ಗಂಟೆಗೆ ದೇವರ ಜಳಕ. ಮೂರೂ ದಿನ ಮಧ್ಯಾಹ್ನ ಊಟ ಇದೆ. ಮನೆಯವರೆಲ್ಲ ಬನ್ನಿ."

ಇದರಲ್ಲಿ ಗೌರವ ಕಮ್ಮಿ ಆಗಿದೆಯಾ? ನನಗೇನೋ ಕಾಣಿಸುವುದಿಲ್ಲ. "ಮನೆಯವರೆಲ್ಲ ಬನ್ನಿ" ಅನ್ನುವ ಎರಡು ಮಾತಿನಲ್ಲಿರುವ ಕರೆಯುವ ಬಗೆ "ಆದರದ ಸುಸ್ವಾಗತ"ದಲ್ಲಿ ಇಲ್ಲ.

ಒಂದು ಉದಾಹರಣೆ, ಹತ್ತಿರದಿಂದ: ತಲಕಾವೇರಿ

ಅತಿ ಹೆಚ್ಚು ಆಡಂಬರದ ಸಾಲುಗಳು ಬೀಳುವುದು ಅಕ್ಟೋಬರ್ ತಿಂಗಳಲ್ಲಿ, ತೀರ್ಥೋದ್ಭವದ ಲೇಖನಗಳಲ್ಲಿ. ಪ್ರತಿ ವರ್ಷವೂ ಒಂದೇ ಲೇಖನ ಬರುತ್ತದೆಯೇನೋ ಅನ್ನಿಸುತ್ತದೆ. ಸಾಮಾನ್ಯವಾಗಿ ಹೀಗಿರುತ್ತದೆ:

"ಸಹ್ಯಾದ್ರಿಯ ಶೃಂಗದಲ್ಲಿ, ಮಂಜಿನ ಮುಸುಕಿನೊಳಗೆ, ಜಗಜ್ಜನನಿ ಜೀವನದಿ ಮಾತೆ ಕಾವೇರಿಯು ತೀರ್ಥರೂಪಿಣಿಯಾಗಿ ಆವಿರ್ಭವಿಸುವ ಆ ರೋಮಾಂಚಕಾರಿ ಅಮೃತಘಳಿಗೆಗೆ ಸಾಕ್ಷಿಯಾಗುವ ಪರಮ ಸೌಭಾಗ್ಯ ಈ ಬರಹಗಾರನಿಗೆ ಒದಗಿ ಬಂದಿತು."

ಇದನ್ನು ಬಿಚ್ಚಿ ನೋಡಿ. ಎಷ್ಟು ಗಂಟೆಗೆ? ಗೊತ್ತಿಲ್ಲ. ನೀರು ಹೇಗೆ ಕಂಡಿತು? ಗೊತ್ತಿಲ್ಲ. ಯಾರು ಇದ್ದರು? ಬರಹಗಾರ ಇದ್ದ. ಅದೊಂದು ಮಾತ್ರ ಗೊತ್ತಾಯಿತು.

ಈಗ ನಿಜವಾಗಿ ಅಲ್ಲಿ ಇರುವುದನ್ನು ಸಾಲಾಗಿ ಇಡೋಣ. ಸೂರ್ಯ ತುಲಾ ರಾಶಿಗೆ ಹೋಗುವ ಹೊತ್ತಿಗೆ ತೀರ್ಥ ಬರುತ್ತದೆ ಅಂತ ನಂಬಿಕೆ. ಸಾಮಾನ್ಯವಾಗಿ ಅಕ್ಟೋಬರ್ 17 ಅಥವಾ 18. ಹೊತ್ತು ಪ್ರತಿ ವರ್ಷ ಬೇರೆ. ಕೆಲವು ವರ್ಷ ನಡುರಾತ್ರಿ ಕಳೆದ ಮೇಲೆ, ಕೆಲವು ವರ್ಷ ಹಗಲಿನಲ್ಲಿ. ಜನ ಮೊದಲು ಭಾಗಮಂಡಲದಲ್ಲಿ ಇಳಿಯುತ್ತಾರೆ. ಕಾವೇರಿ, ಕನ್ನಿಕೆ, ಕಣ್ಣಿಗೆ ಕಾಣದ ಸುಜ್ಯೋತಿ ಸೇರುವ ಸಂಗಮದಲ್ಲಿ ಮುಳುಗು ಹಾಕಿ, ಹಿರಿಯರಿಗೆ ಪಿಂಡ ಇಟ್ಟು, ಭಗಂಡೇಶ್ವರನಿಗೆ ಕೈಮುಗಿದು ಮೇಲೆ ಹೋಗುತ್ತಾರೆ. ಅಲ್ಲಿಂದ ತಲಕಾವೇರಿಗೆ ಸುಮಾರು 8 ಕಿಲೋಮೀಟರ್ ಏರು. ಎಷ್ಟೋ ಕೊಡವರು ತಮ್ಮ ಸಾಂಪ್ರದಾಯಿಕ ಉಡುಗೆ ಕುಪ್ಯ ಚೇಲೆ ಉಟ್ಟು, ದುಡಿ ಬಡಿದು ಹಾಡುತ್ತ ನಡೆದೇ ಹೋಗುತ್ತಾರೆ. ಮೇಲೆ ಒಂದು ಸಣ್ಣ ಕುಂಡಿಕೆ, ಅದರ ಎದುರಿಗೆ ಕೊಳ. ಅರ್ಚಕರು ಕುಂಡಿಕೆಯ ಸುತ್ತ ಮಂತ್ರ ಹೇಳುತ್ತ ಕೂತಿರುತ್ತಾರೆ. ಆ ಹೊತ್ತಿಗೆ ಅವರು ಜನರ ಮೇಲೆ ತೀರ್ಥ ಎರಚುತ್ತಾರೆ. ಕೊಡ, ಕ್ಯಾನು, ಖಾಲಿ ಮಾಡಿದ ಕುಡಿಯುವ ನೀರಿನ ಬಾಟಲಿ, ಎಲ್ಲ ಒಟ್ಟಿಗೆ ಮುಂದೆ ಬರುತ್ತವೆ. ಆ ನೀರು ಮನೆಗೆ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಕೊನೆಯುಸಿರು ಎಳೆಯುವಾಗ ಬಾಯಿಗೆ ಬಿಡುವುದಕ್ಕೆ ಅದನ್ನು ತೆಗೆದಿಡುತ್ತಾರೆ. ಹಬ್ಬಕ್ಕೆ ಕಣಿ ಪೂಜೆ: ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ಬಟ್ಟೆ ಸುತ್ತಿ, ಚಿನ್ನ ಹಾಕಿ, ಅದನ್ನೇ ಕಾವೇರಿ ಅಂತ ಕೂರಿಸುತ್ತಾರೆ.

ಇಷ್ಟು ಕೈಯಲ್ಲಿದ್ದರೆ ಬರೆಯುವುದು ಹೀಗೆ:

"ತೀರ್ಥ ಬರುವ ಹೊತ್ತು ಹತ್ತಿರವಾದಂತೆ ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಕುಂಡಿಕೆ ಕಾಣುವಷ್ಟು ಮುಂದೆ ಇದ್ದವರು ಕೆಲವರೇ. ಉಳಿದವರಿಗೆ ಗೊತ್ತಾದದ್ದು ಮುಂದಿನ ಸಾಲಿನ ಕೂಗಿನಿಂದ. ಕೂಗು ಹಿಂದೆ ಹಿಂದೆ ಹೋಯಿತು. ತಲೆಯ ಮೇಲೆ ನಾಲ್ಕು ಹನಿ ಬಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಸೆರಗಿನಲ್ಲಿ ಮುಖ ಒರೆಸಿಕೊಳ್ಳಲಿಲ್ಲ. ಬಾಟಲಿ ತುಂಬಿಸಿಕೊಂಡು ಬಂದ ಮೊಮ್ಮಗನಿಗೆ, 'ಮುಚ್ಚಳ ಸರಿ ಹಾಕು, ಬಸ್ಸಿನಲ್ಲಿ ಚೆಲ್ಲೀತು' ಅಂದರು."

ಮಾದರಿಗೆ ಬರೆದದ್ದು ಇದು. ಇದರಲ್ಲಿ "ಭಕ್ತಿ" ಅನ್ನುವ ಪದ ಇಲ್ಲ. ಮುಖ ಒರೆಸಿಕೊಳ್ಳದ ಅಜ್ಜಿ ಇದ್ದಾರೆ, ಅದು ಸಾಕು. ಇಂಥ ಒಂದು ವಿವರ ಸಿಗುವವರೆಗೆ ಕಾಯಬೇಕು, ಸಿಕ್ಕಿದ ಮೇಲೆ ಅದಕ್ಕೆ ವ್ಯಾಖ್ಯಾನ ಬರೆಯಬಾರದು. "ಇದೇ ಅಲ್ಲವೇ ನಿಜವಾದ ಭಕ್ತಿ!" ಅಂತ ಕೆಳಗೆ ಸೇರಿಸಿದಿರೋ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಪುರಾಣ, ಐತಿಹ್ಯ, ಇತಿಹಾಸ: ಮೂರನ್ನೂ ಬೇರೆ ಬೇರೆ ಇಡಿ

"ಐದು ಸಾವಿರ ವರ್ಷಗಳ ಇತಿಹಾಸವಿರುವ" ಅಂತ ಬರೆಯುವುದು ಸುಲಭ. ಯಾರೂ ಕೇಳುವುದಿಲ್ಲ. ಆದರೆ ಅದು ದೇವರ ದೊಡ್ಡತನ ಅಲ್ಲ, ನಮ್ಮ ಊರಿನ ಜಂಬ. ಪಕ್ಕದ ಊರಿನವರು ಮೂರು ಸಾವಿರ ಅಂದರು, ಅದಕ್ಕೆ ನಾವು ಐದು.

ದಾರಿ ಸರಳ. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪುಸ್ತಕದ ಪುರಾಣವಾದರೆ "ಪುರಾಣದಲ್ಲಿ ಹೀಗಿದೆ". ಊರಿನವರ ಬಾಯಿಯ ಕಥೆಯಾದರೆ "ಊರಿನವರು ಹೀಗೆ ಹೇಳುತ್ತಾರೆ". ಶಾಸನ ಅಥವಾ ದಾಖಲೆ ಇದ್ದರೆ ಇಸವಿ ಹಾಕಿ. ಅಗಸ್ತ್ಯರ ಕಮಂಡಲದಿಂದ ಕಾವೇರಿ ಹರಿದಳು ಅನ್ನುವುದು ಪುರಾಣ. ಬಲಮುರಿಯಲ್ಲಿ ಅವಳು ಹರಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತು, ಅದಕ್ಕೇ ಕೊಡವತಿಯರು ನೆರಿಗೆ ಹಿಂದೆ ಉಡುತ್ತಾರೆ ಅನ್ನುವುದು ಜನರ ಕಥೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವನ್ನು ಲಿಂಗರಾಜ 1820ರಲ್ಲಿ ಕಟ್ಟಿಸಿದ ಅನ್ನುವುದು ಇತಿಹಾಸ. ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ ಪಾಪ ಕಳೆಯಲು ಕಟ್ಟಿಸಿದ ಅನ್ನುವುದು ಐತಿಹ್ಯ. ನಾಲ್ಕೂ ಚೆಂದ. ಒಂದನ್ನು ಇನ್ನೊಂದರ ಅಂಗಿ ತೊಡಿಸಿ ನಿಲ್ಲಿಸಬೇಡಿ, ಅಷ್ಟೇ. ಓಂಕಾರೇಶ್ವರಕ್ಕೆ ಇನ್ನೂರು ವರ್ಷ ಮಾತ್ರ ಆಯಿತು ಅಂತ ಯಾರೂ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಎದುರಿಗೆ ಕೆರೆ. ಹೀಗೆ ಮಸೀದಿಯ ಹೋಲಿಕೆಯಿರುವ ಶಿವಾಲಯ ಅದು. ಅದನ್ನು ನೋಡಿದ ಹಾಗೆ ಬರೆದರೇ ಲೇಖನ ಆಗುತ್ತದೆ.

ನಿಮ್ಮ ದೇವಸ್ಥಾನದಲ್ಲಿ ಹಳೆಯ ಕಲ್ಲು ಇದ್ದರೆ, ಓದದೆ "ಪುರಾತನ ಶಾಸನ" ಅಂತ ಬರೆದು ಬಿಡಬೇಡಿ. ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲನೇ ಸಂಪುಟ ಕೊಡಗಿನ ಶಾಸನಗಳದ್ದೇ. ಬಿ.ಎಲ್. ರೈಸ್ 1886ರಲ್ಲಿ ಹೊರತಂದದ್ದು, 1914ರಲ್ಲಿ ಮತ್ತೆ ಪರಿಷ್ಕಾರವಾಯಿತು. ಅದರಲ್ಲಿ ನಿಮ್ಮ ಊರಿದೆಯಾ ಅಂತ ನೋಡಿ. ಸೋಮವಾರಪೇಟೆ ಕಡೆಯ ಮುಳ್ಳೂರಿನ ಬಸದಿಗಳ ಬಗ್ಗೆ ಬರೆಯುವವರಿಗೆ 11ನೇ ಶತಮಾನದ ಕೊಂಗಾಳ್ವರ ಶಾಸನಗಳ ಆಸರೆ ಇದೆ. ಎಲ್ಲರಿಗೂ ಇರುವುದಿಲ್ಲ. ದಾಖಲೆ ಇಲ್ಲದಿದ್ದರೆ ಇಸವಿ ಬೇಡ. ಒಂದು ದೇವರಕಾಡು ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೂ, ಅದರೊಳಗೆ ಕತ್ತಿ ಹಾಕಬಾರದು ಅಂತ ಊರು ಇಟ್ಟುಕೊಂಡ ನಿಯಮದ ಬಗ್ಗೆ ಬರೆಯಬಹುದಲ್ಲ.

ದೇವರ ಮನಸ್ಸು ನಿಮಗೆ ಗೊತ್ತು ಅನ್ನುವ ಹಾಗೆ ಬರೆಯಬೇಡಿ

ದೊಡ್ಡ ಪದ ಬಳಸುವುದು ಚಿಕ್ಕ ಜಂಬ. ದೇವರ ಪರವಾಗಿ ಮಾತಾಡುವುದು ದೊಡ್ಡ ಜಂಬ.

2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ, ಜನ ಹೋದರು. ಆ ಹೊತ್ತಿಗೆ "ಇದು ಕಾವೇರಿ ತಾಯಿಯ ಕೋಪ" ಅನ್ನುವ ಮಾತು ಎಷ್ಟು ಸಲ ಓದಿದೆವು! ಬರೆದವರಿಗೆ ಅದು ಭಕ್ತಿ ಅನ್ನಿಸಿರಬಹುದು. ಮಕ್ಕಂದೂರಿನ ಕಡೆ ಮನೆ ಕಳೆದುಕೊಂಡು ನಿರಾಶ್ರಿತರ ಶಿಬಿರದಲ್ಲಿ ಚಾಪೆ ಮೇಲೆ ಕೂತವರು ಅದನ್ನು ಓದಿದರೆ? ತಾಯಿಗೆ ನಮ್ಮ ಮೇಲೇ ಕೋಪ ಯಾಕೆ, ನಾವೇನು ಮಾಡಿದ್ದೆವು ಅಂತ ಕೇಳುವುದಿಲ್ಲವಾ? ಸಿಟ್ಟು ಬರೆದವರದ್ದು, ಹೆಸರು ದೇವರದ್ದು.

ನಿಮ್ಮ ಬರಹದಲ್ಲಿ "ದೇವಿಯ ಇಚ್ಛೆಯಂತೆ", "ಭಗವಂತನೇ ನಮ್ಮನ್ನು ಆರಿಸಿಕೊಂಡು", "ದೈವಪ್ರೇರಣೆಯಿಂದ ಈ ಸಮಿತಿ" ಅಂತ ಇದ್ದರೆ ಒಂದೊಂದನ್ನೂ ಹಿಡಿದು ಕೇಳಿ: ಇದನ್ನು ದೇವರು ಹೇಳಿದ್ದಾ, ಮೀಟಿಂಗ್‌ನಲ್ಲಿ ತೀರ್ಮಾನ ಆಗಿದ್ದಾ? ಮೀಟಿಂಗ್‌ನಲ್ಲಿ ಆಗಿದ್ದರೆ ಹಾಗೇ ಬರೆಯಿರಿ. ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ಬಂದ ಉತ್ತರವಾದರೆ "ಪ್ರಶ್ನೆಯಲ್ಲಿ ಹೀಗೆ ಕಂಡುಬಂತು" ಅನ್ನಿ. ನಂಬಿಕೆಯನ್ನು ನಂಬಿಕೆ ಅಂತ ಹೇಳಿದರೆ ಅದಕ್ಕೆ ಯಾವ ಕುಂದೂ ಬರುವುದಿಲ್ಲ.

ನೀವು ಸ್ವಲ್ಪ ಬದಿಗೆ ನಿಲ್ಲಿ

ಬಸವಣ್ಣನ ವಚನದ ಕೊನೆಗೆ ಬಸವಣ್ಣನ ಹೆಸರಿಲ್ಲ, ಕೂಡಲಸಂಗಮದೇವನ ಹೆಸರಿದೆ. ಅಕ್ಕಮಹಾದೇವಿಯ ವಚನಕ್ಕೆ ಚೆನ್ನಮಲ್ಲಿಕಾರ್ಜುನನ ಅಂಕಿತ. ಕನಕದಾಸರು ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ಹಾಡಿದರು. ಎಂಟುನೂರು, ಐನೂರು ವರ್ಷ ಆದ ಮೇಲೂ ಯಾರು ಬರೆದರು ಅಂತ ನಮಗೆ ಗೊತ್ತಿದೆ. ದೇವರ ಹೆಸರು ಹಾಕಿದ್ದರಿಂದ ಅವರೇನೂ ಕಳೆದು ಹೋಗಲಿಲ್ಲ.

ಈಗಿನ ಸ್ಮರಣ ಸಂಚಿಕೆ ತೆರೆಯಿರಿ. ಲೇಖನದ ಮೇಲೆ ಲೇಖಕರ ಫೋಟೋ, ಅದರ ಕೆಳಗೆ ಬಿರುದು, ಪದವಿ, ಪಡೆದ ಸನ್ಮಾನ. ಮೊದಲ ಪ್ಯಾರಾದಲ್ಲಿ "ಈ ಪಾಮರನಿಗೆ", "ಅಲ್ಪಮತಿಯಾದ ನಾನು". ಈ ವಿನಯ ಇದೆಯಲ್ಲ, ಇದು ಜಂಬಕ್ಕಿಂತ ಕಷ್ಟ. ಜಂಬ ಆದರೂ ನೇರವಾಗಿ ಎದುರಿಗೆ ಬರುತ್ತದೆ. ಇದು ಕೈಮುಗಿದುಕೊಂಡು ಬಂದು ಮುಂದಿನ ಸಾಲಿನ ಕುರ್ಚಿಯಲ್ಲೇ ಕೂರುತ್ತದೆ. ನಿಜವಾಗಿ ಪಾಮರ ಅನ್ನಿಸಿದ್ದರೆ ಆ ಸಾಲಿನಲ್ಲಿ ನಿಮ್ಮ ಮಾತೇ ಬರುತ್ತಿರಲಿಲ್ಲ. "ನಾನು" ಬೇಡವೇ ಬೇಡ ಅಂತಲ್ಲ. ನೀವು ಕಣ್ಣಾರೆ ಕಂಡದ್ದಾದರೆ "ನಾನು ನೋಡಿದೆ" ಅನ್ನಿ. ಅದು ಸಾಕ್ಷಿ. "ನನ್ನ ಪೂರ್ವಜನ್ಮದ ಸುಕೃತ" ಅನ್ನುವುದು ಮೆರವಣಿಗೆ.

ಇನ್ನು ಸಮಿತಿ. ನೀವು ಎಷ್ಟು ಚೊಕ್ಕವಾಗಿ ಬರೆದು ಕೊಟ್ಟರೂ ಮೀಟಿಂಗ್‌ನಲ್ಲಿ ಅದಕ್ಕೆ ಹಾರ ತುರಾಯಿ ಬೀಳುತ್ತದೆ. ಊರಿನ ಸರ್ಕಲ್‌ನಲ್ಲಿ ಹಾಕುವ ಫ್ಲೆಕ್ಸ್ ನೋಡಿದ್ದೀರಲ್ಲ. ಮೂಲೆಯಲ್ಲಿ ಅಂಗೈಯಷ್ಟು ದೇವರು, ನಡುವೆ ಕೈಮುಗಿದ ಮುಖಗಳು, ಅವರು ಯಾರಿಗೆ ಕೈಮುಗಿಯುತ್ತಿದ್ದಾರೆ ಅಂತ ಮೇಲೆ ನೋಡಿದರೆ ಇನ್ನೂ ದೊಡ್ಡ ಮುಖ. ಜಗಳ ಮಾಡಿ ಪ್ರಯೋಜನ ಇಲ್ಲ. ಅವರು ದುಡ್ಡು ಕೊಟ್ಟವರು, ಓಡಾಡಿದವರು, ನಾಳೆ ಸಂತೆಯಲ್ಲಿ ಸಿಗುವವರು. ಆದರೆ ದಾರಿ ಇದೆ.

"ಮೇಷ್ಟ್ರೇ, ನನ್ನ ಹೆಸರಿನ ಹಿಂದೆ ಏನಾದ್ರೂ ಹಾಕಿ. ಸುಮ್ನೆ ಹೆಸರಿದ್ರೆ ಬೋಳು ಬೋಳಾಗಿ ಕಾಣುತ್ತೆ" ಅಂತ ಒಬ್ಬರು ಕೇಳಿದರು ಅನ್ನಿ.

"ಅಣ್ಣ, ಬಿರುದು ಎಲ್ಲರಿಗೂ ಹಾಕ್ತಾರೆ. ನೀವು ಮಾಡಿದ ಕೆಲಸ ಬರೀತೀನಿ. ಮಳೆಯಲ್ಲಿ ನಿಂತು ಚಾವಣಿಗೆ ಹೆಂಚು ಹೊದೆಸಿದ್ದು ನೀವೇ ಅಲ್ವಾ? ಅದು ಜನಕ್ಕೆ ಗೊತ್ತಾಗ್ಲಿ."

ಹೀಗೆ ಹೇಳಿದರೆ ಬೇಡ ಅನ್ನುವವರು ಕಮ್ಮಿ. "ಸಮಾಜಸೇವಾ ಧುರೀಣ" ಹೋಗಿ ಹೆಂಚು ಬರುತ್ತದೆ. ಇಬ್ಬರಿಗೂ ಲಾಭ. ಹಣ ಕೊಟ್ಟವರ ಪಟ್ಟಿಯನ್ನು ಕೊನೆಯ ಪುಟಕ್ಕೆ ಹಾಕಿ, ಅಕಾರಾದಿಯಲ್ಲಿ. ಮೊತ್ತದ ಪ್ರಕಾರ ಹಾಕಿದರೆ ನೂರು ರೂಪಾಯಿ ಕೊಟ್ಟ ಕೂಲಿಯವರ ಹೆಸರು ಯಾವಾಗಲೂ ಅಡಿಯಲ್ಲೇ. ಗಣ್ಯರ ಸಂದೇಶಗಳು ಇರಲೇಬೇಕು ಅಂದರೆ ಎಲ್ಲವನ್ನೂ ಒಂದೇ ಕಡೆ ಒಟ್ಟಿಗೆ ಇಡಿ. ಓದುವವರು ಒಮ್ಮೆಗೇ ಮಗುಚಿಕೊಂಡು ಮುಂದೆ ಹೋಗಲಿ, ಪಾಪ.

ಶ್ಲೋಕ ಹಾಕುವುದಾದರೆ

ಒಂದು ಸಾಕು. ನೆನಪಿನಿಂದ ಬರೆಯಬೇಡಿ, ಪುಸ್ತಕ ತೆರೆದು ಅಕ್ಷರ ಅಕ್ಷರ ನೋಡಿ. ಎಷ್ಟನೇ ಅಧ್ಯಾಯ, ಎಷ್ಟನೇ ಶ್ಲೋಕ ಅಂತ ಹಾಕಿ. ಕೆಳಗೆ ಅರ್ಥವನ್ನು ಆಡುಮಾತಿನಲ್ಲಿ ಬರೆಯಿರಿ. ಅರ್ಥ ಬರೆಯಲು ಆಗದಿದ್ದರೆ ಆ ಶ್ಲೋಕ ನಿಮ್ಮದಲ್ಲ, ಬಿಡಿ.

ಶ್ಲೋಕದಿಂದಲೇ ಗತ್ತು ಬರುತ್ತದೆ ಅನ್ನುವವರಿಗೆ ತೋರಿಸಲು ಗೀತೆಯ 2ನೇ ಅಧ್ಯಾಯದ 42ನೇ ಶ್ಲೋಕ ಇಟ್ಟುಕೊಂಡಿರಿ. ಹೂವು ಬಿಟ್ಟಂಥ ಮಾತು ಆಡುವವರು ತಿಳಿವಳಿಕೆ ಇಲ್ಲದವರು ಅಂತ ಕೃಷ್ಣನೇ ಅಲ್ಲಿ ಹೇಳುತ್ತಾನೆ. ಚರ್ಚಿನ ಪುಸ್ತಕ ಮಾಡುವವರಿಗೆ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ಇದೆ. ಬೀದಿ ಮೂಲೆಯಲ್ಲಿ ಜನ ನೋಡಲಿ ಅಂತ ನಿಂತು ಪ್ರಾರ್ಥಿಸಬೇಡಿ, ಮಾತು ಜಾಸ್ತಿ ಆಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಅಂತ ಯೇಸು ಅಲ್ಲಿ ಎಚ್ಚರಿಸುತ್ತಾನೆ. ಸಮಿತಿಯಲ್ಲಿ ವಾದ ಬಂದಾಗ ನಿಮ್ಮ ಮಾತಿಗಿಂತ ಇವು ಜಾಸ್ತಿ ಕೆಲಸ ಮಾಡುತ್ತವೆ.

ಗಟ್ಟಿಯಾಗಿ ಓದಿ, ಆಮೇಲೆ ಪ್ರೂಫ್

ಬರೆದು ಮುಗಿದ ಮೇಲೆ ಒಂದು ದಿನ ಬಿಡಿ. ಆಮೇಲೆ ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ವಾಕ್ಯ ಒಡೆಯಿರಿ. ಓದುವಾಗ ನಿಮ್ಮ ದನಿ ತಾನಾಗಿ ಭಾಷಣದ ದನಿ ಆದ ಕಡೆ ಗುರುತು ಹಾಕಿ, ಅಲ್ಲೇ ಆಡಂಬರ ಇದೆ. ಆಮೇಲೆ ಹೈಸ್ಕೂಲಿನ ಒಂದು ಮಗುವಿನ ಕೈಗೆ ಕೊಟ್ಟು ಓದಿಸಿ. ತಡವರಿಸಿದ ಪದಗಳನ್ನು ಬದಲಿಸಿ. ಊರಿನ ಆಚರಣೆಯ ಹೆಸರಾಗಿದ್ದರೆ ಮಾತ್ರ ಬಿಡಿ. ಆ ನೆಪದಲ್ಲಿ ಮಗು ಅದನ್ನು ಕಲಿಯಲಿ.

ಪ್ರೆಸ್ಸಿನಿಂದ ಪ್ರೂಫ್ ಬಂದಾಗ ದೊಡ್ಡ ಪದಗಳೇ ಮೊದಲು ಕೈ ಕೊಡುತ್ತವೆ. ಸಾನ್ನಿಧ್ಯ "ಸಾನಿಧ್ಯ" ಆಗಿರುತ್ತದೆ, ಜೀರ್ಣೋದ್ಧಾರದ ದೀರ್ಘ ಹೋಗಿರುತ್ತದೆ, ಆಶೀರ್ವಾದ "ಆಶಿರ್ವಾದ" ಆಗಿರುತ್ತದೆ. ನೀವು ಆಗಲೇ ಅರ್ಧ ತೆಗೆದು ಹಾಕಿರುವುದರಿಂದ ಕೆಲಸ ಕಮ್ಮಿ. ಕೊಡವ ತಕ್ಕ್, ಅರೆಭಾಷೆಯ ಪದಗಳನ್ನು ಆ ಭಾಷೆ ಆಡುವವರಿಗೇ ತೋರಿಸಿ. ಪ್ರೆಸ್ಸಿನವರು ಅವನ್ನು ಕನ್ನಡಕ್ಕೆ ತಿದ್ದಿ ಬಿಡುವುದುಂಟು. ಮನೆತನದ ಹೆಸರುಗಳನ್ನು ಆ ಮನೆಯವರಿಂದಲೇ ಓದಿಸಿ, ಒಂದು ಅಕ್ಷರ ತಪ್ಪಿದರೂ ಹಬ್ಬ ಮುಗಿಯುವವರೆಗೆ ಮಾತು ಕೇಳಬೇಕಾಗುತ್ತದೆ. ಕೊನೆಗೆ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ತಾರೀಕು ಮತ್ತು ವಾರ ಹೊಂದುತ್ತದೆಯಾ ನೋಡಿ. ಹೋದ ವರ್ಷದ ಫೈಲ್ ಮೇಲೇ ಟೈಪ್ ಮಾಡಿದ್ದರೆ ವಾರ ಹಳೆಯದೇ ಉಳಿದಿರುತ್ತದೆ. ಅದನ್ನು ತಿದ್ದಿ, ಸಹಿ ಹಾಕಿ, ಅಚ್ಚಿಗೆ ಕಳಿಸಿ.